ನೀರು ಕುಡಿಯದ ಹತ್ತಿ ಮತ್ತು ಒಂದು ಗಿಟಾರು

ಯಾರ ಮನೆಗೆ ಹೋದರೂ ದಿಂಬು ಹಿಸುಕಿ ನೋಡುವ ಕೆಟ್ಟ ಚಟವೊಂದು ನನಗಿದೆ. ಮನೆಯವರು ನೀರು ತರಲು ಒಳಗೆ ಹೋಗಿರುತ್ತಾರೆ, ನಾನು ದಿವಾನದ ಮೇಲಿನ ದಿಂಬಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದಿರುತ್ತೇನೆ. ಒಳಗಿರುವುದು ಬೂರುಗದ ಅರಳೆಯೋ, ಗಿರಣಿಯ ಕಸವೋ, ಈಗಿನ ಕಾಲದ ಪ್ಲಾಸ್ಟಿಕ್ ನಾರೋ ಎಂಬುದು ಅಷ್ಟರಲ್ಲೇ ತಿಳಿದುಹೋಗುತ್ತದೆ. ತಿಳಿದದ್ದನ್ನು ಹೇಳದೆ ಇರಲು ನನ್ನಿಂದಾಗುವುದಿಲ್ಲ. ಒಮ್ಮೆ ಬೀಗರ ಮನೆಯಲ್ಲಿ ಹೊಸ ಗಾದಿಯನ್ನು ಹೀಗೆಯೇ ಮುಟ್ಟಿ, “ಇದನ್ನ ಕೊಟ್ಟಾವ ನಿಮಗ ಚಲೋ ಟೊಪ್ಪಿಗಿ ಹಾಕ್ಯಾನ” ಎಂದುಬಿಟ್ಟೆ. ಕೊಟ್ಟವರು ಬೀಗಿತಿಯ ಅಣ್ಣ, ನನ್ನ ಎದುರಿಗೇ ಕುಳಿತು ಚಹಾ ಕುಡಿಯುತ್ತಿದ್ದರು. ಅಂದಿನಿಂದ ನನ್ನ ಹೆಂಡತಿ ಗಿರಿಜಾ ಎಲ್ಲಿಗೆ ಹೋದರೂ ನನ್ನನ್ನು ಮರದ ಕುರ್ಚಿ ಹುಡುಕಿ ಕೂರಿಸುತ್ತಾಳೆ.

ತಪ್ಪು ನನ್ನದಲ್ಲ, ಕಸುಬಿನದು. ನಮ್ಮದು ಆದೋನಿಯಲ್ಲಿ ಹತ್ತಿ ಮಂಡಿ ಇಟ್ಟುಕೊಂಡಿರುವ ಮನೆತನ. ನಲವತ್ತು ವರ್ಷ ನಾನು ಮಾಡಿದ ಕೆಲಸ ಒಂದೇ, ಹತ್ತಿ ನೋಡುವುದು. ರೈತರು ತಂದ ಚೀಲದಿಂದ ಒಂದು ಹಿಡಿ ತೆಗೆದು, ಎರಡೂ ಹೆಬ್ಬೆರಳುಗಳ ನಡುವೆ ಎಳೆದು, ಜೋಡಿಸಿ, ಮತ್ತೆ ಎಳೆದು ಎಳೆಯ ಉದ್ದ ಹೇಳಬೇಕು. ಪತ್ತಿಕೊಂಡದ ಕೆಂಪು ನೆಲದ ಹತ್ತಿ ಯಾವುದು, ಪೆದ್ದಹರಿವಾಣದ ಕಪ್ಪು ನೆಲದ್ದು ಯಾವುದು ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆ. ಕಣ್ಣು ಮುಚ್ಚಬೇಕಾದ ಅಗತ್ಯವೇನೂ ಇರಲಿಲ್ಲ, ನೋಡುವವರಿಗೆ ಚೆನ್ನಾಗಿರುತ್ತದೆ ಎಂದು ಮುಚ್ಚುತ್ತಿದ್ದೆ. ಹತ್ತಿಯ ವಿಷಯದಲ್ಲಿ ನನ್ನನ್ನು ತಿದ್ದುವವನು ಈ ಸೀಮೆಯಲ್ಲಿ ಹುಟ್ಟಿಲ್ಲ ಎಂಬ ಗರ್ವ ನನಗಿತ್ತು. ಆ ಗರ್ವ ಮುರಿದದ್ದು ಮಂಡಿಯಲ್ಲಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಗಿಟಾರಿನ ಮುಂದೆ. ಆ ಗಿಟಾರನ್ನು ಮಾಡಿದವನೂ ನಾನೇ.

ಹತ್ತಿ ನೋಡುವ ಮುದುಕನಿಗೆ ಗಿಟಾರು ಯಾಕೆ ಎಂದು ನೀವು ಕೇಳಬಹುದು. ಊರೆಲ್ಲ ಕೇಳಿದೆ. ಊರಿಗೆ ನಾನು ಹೇಳಿದ ಉತ್ತರ, “ಸುಮ್ನ, ಹೊತ್ತು ಹೋಗ್ಲಿ ಅಂತ.” ನಿಮಗೆ ನಿಜ ಹೇಳುತ್ತೇನೆ. ಅದು ವೀರೇಶನಿಗಾಗಿ.

ವೀರೇಶ ಗಿರಿಜಾಳ ತಮ್ಮ. ಗೋನೆಗಂಡ್ಲದ ಹುಡುಗ, ಈಗ ಐವತ್ತನಾಲ್ಕು ವರ್ಷ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದ್ದಾನೆ. ಹತ್ತಿಯಿಂದ ಬೀಜ ಬಿಡಿಸುವ ಆದೋನಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರು. ಹರೆಯದಲ್ಲಿ ಹಗಲು ಮಿಲ್ಲಿನ ಕೆಲಸ, ಸಂಜೆ ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾದ ಗಿಟಾರು. ಆ ದಿನಗಳಲ್ಲಿ ಅವನು ಮಾತು ಕಡಿಮೆ ಆಡುತ್ತಿದ್ದ, ಗಿಟಾರು ಸಿಕ್ಕರೆ ಮಾತ್ರ ಮುಖ ಅರಳುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಜಿನ್ನಿನ ರೋಲರಿಗೆ ಹತ್ತಿ ಸುತ್ತಿಕೊಂಡಿತು. ಯಂತ್ರ ಪೂರಾ ನಿಲ್ಲುವ ಮೊದಲೇ ಕೈ ಹಾಕಿದ. ತಪ್ಪು ತನ್ನದೇ ಎಂದು ಅವನೇ ಹೇಳುತ್ತಾನೆ. ಎಡಗೈಯ ನಡುಬೆರಳು, ಉಂಗುರಬೆರಳು ಎರಡೂ ಅರ್ಧಕ್ಕೆ ಹೋದವು. ಗಿಟಾರಿನಲ್ಲಿ ಎಡಗೈ ತಂತಿಗಳನ್ನು ಒತ್ತಬೇಕು, ಬಲಗೈ ಮೀಟಬೇಕು. ಆ ಬೆರಳುಗಳಿಲ್ಲದೆ ಒತ್ತುವುದು ಹೇಗೆ? ತನ್ನ ಗಿಟಾರನ್ನು ಆರ್ಕೆಸ್ಟ್ರಾದವರಿಗೇ ಕೊಟ್ಟು ಬಂದ. ಆಮೇಲೆ ಮದುವೆಗಳಿಗೆ ಬಂದರೂ ಊಟದ ಪಂಕ್ತಿಯಲ್ಲಿ ಕೂರುತ್ತಿದ್ದ, ಆರ್ಕೆಸ್ಟ್ರಾ ನಡೆಯುವ ಕಡೆ ಹಾಯುತ್ತಿರಲಿಲ್ಲ.

ಕೈ ಬದಲಿಸಿ, ಬಲಗೈಯಲ್ಲಿ ಒತ್ತಿ, ಎಡಗೈಯ ಉಳಿದ ಬೆರಳುಗಳಿಂದ ಮೀಟಿ ನುಡಿಸಬಹುದು, ಲೋಕದಲ್ಲಿ ಎಡಚರು ಹಾಗೆಯೇ ನುಡಿಸುತ್ತಾರೆ ಎಂದು ಅವನಿಗೂ ಗೊತ್ತು. ಅದಕ್ಕೆ ಗಿಟಾರೇ ಬೇರೆ ಬೇಕು, ಒಳಗಿನ ಕಟ್ಟಿನಿಂದ ಹಿಡಿದು ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ನಾಲ್ಕು ವರ್ಷದ ಹಿಂದೆ ಗಿರಿಜಾ ಯಾರಿಗೋ ಹೇಳಿ ಅಂಥದ್ದೊಂದನ್ನು ಪಾರ್ಸೆಲ್ ತರಿಸಿದಳು. ವೀರೇಶ ಪೆಟ್ಟಿಗೆಯನ್ನು ಬಿಚ್ಚಲೂ ಇಲ್ಲ. “ಕೊಟ್ಟ ಮನಿಯಿಂದ ನಾವು ತರಬಾರ್ದಕ್ಕ. ನಾವು ಕೊಡೋರು” ಎಂದು ತಿರುಗಿ ಕಳುಹಿಸಿದ.

ಇದು ನಮ್ಮಲ್ಲಿ ಸಣ್ಣ ಮಾತಲ್ಲ. ಹೆಣ್ಣು ಕೊಟ್ಟ ಮನೆಯಿಂದ ತವರಿನವರು ಏನನ್ನೂ ತೆಗೆದುಕೊಳ್ಳುವುದಿಲ್ಲ. ನಾಗರ ಪಂಚಮಿಗೆ ಸೀರೆ ಅವನೇ ತರಬೇಕು, ಅಕ್ಕನನ್ನು ಅವನೇ ಕರೆದುಕೊಂಡು ಹೋಗಬೇಕು, ಬಿಡಲು ಬರುವಾಗ ಉಂಡಿಯ ಡಬ್ಬಿ ಅವನ ಕೈಯಲ್ಲೇ ಇರಬೇಕು. ನಮ್ಮ ಮನೆಯಲ್ಲಿ ಎರಡು ತುತ್ತು ಹೆಚ್ಚು ಉಂಡರೂ ಮುಂದಿನ ವಾರ ಅವನು ಒಂದು ಬುಟ್ಟಿ ಸೀತಾಫಲ ತಂದಿಟ್ಟು ಲೆಕ್ಕ ತೀರಿಸುತ್ತಾನೆ. ಇದರ ಜೊತೆಗೆ ಆ ಕೈಯ ಮೇಲಿನ ಕನಿಕರ ಬೇರೆ ಸೇರಿದರೆ ಮುಗಿದೇ ಹೋಯಿತು. ಅವನು ತೆಗೆದುಕೊಳ್ಳುವಂತೆ ಅವನಿಗೆ ಕೊಡುವುದು ಹೇಗೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ನಾಲ್ಕು ವರ್ಷ ಹಾಗೆಯೇ ಉಳಿಯಿತು. ಗಿರಿಜಾ ಆ ಮಾತನ್ನು ಮತ್ತೆ ಎತ್ತಲಿಲ್ಲ. ಟಿವಿಯಲ್ಲಿ ಯಾರಾದರೂ ಗಿಟಾರು ಹಿಡಿದು ಬಂದರೆ ಮಾತ್ರ ಚಾನೆಲ್ ಬದಲಿಸುತ್ತಿದ್ದಳು.

ಮಂಡಿಯನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ ಮೇಲೆ ನನ್ನ ಬೆರಳುಗಳಿಗೆ ಕೆಲಸವಿಲ್ಲದಂತಾಯಿತು. ಮನೆಯ ದಿಂಬುಗಳನ್ನೆಲ್ಲ ಹಿಸುಕಿ ಮುಗಿದಿತ್ತು. ಆಗ ಫೋನಿನಲ್ಲಿ ಯಾವುದೋ ದೇಶದ ಒಬ್ಬ ಅಜ್ಜ ಗಿಟಾರು ಮಾಡುವುದನ್ನು ಕಂಡೆ. ನನ್ನದೇ ವಯಸ್ಸು, ನನಗಿಂತ ಕಡಿಮೆ ಕೂದಲು, ಮಾತಾಡುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಅವನಿಗೆ ಆಗುವುದಾದರೆ ನನಗೇಕೆ ಆಗದು ಎನ್ನಿಸಿತು. ಇದು ಜಗತ್ತಿನ ಎಲ್ಲ ಅನಾಹುತಗಳ ಹಿಂದೆ ಇರುವ ವಾಕ್ಯ ಎಂದು ಆಗ ನನಗೆ ಹೊಳೆಯಲಿಲ್ಲ. ಮಾಡಿದ ಮೇಲೆ ಕೊಡುವುದು ಹೇಗೆಂದು ಕೂಡ ಯೋಚಿಸಿರಲಿಲ್ಲ. ಮೊದಲು ಆಗಲಿ, ಆಮೇಲೆ ಮೂಲೆಯಲ್ಲಿ ನಿಲ್ಲಿಸಿಡೋಣ, ಯಾವಾಗಲಾದರೂ ಅವನ ಕೈ ತಾನಾಗಿ ಅದರ ಕಡೆ ಹೋದೀತು ಎಂಬುದು ನನ್ನ ಬಡ ಉಪಾಯ.

ಆ ಅಜ್ಜ ಮೊದಲ ಪಾಠದಲ್ಲೇ ಗಾಳಿಯಲ್ಲಿ ತೇವ ಇರಕೂಡದು ಎಂದು ಹೇಳಿ, ಕೋಣೆ ಒಣಗಿಸುವ ಯಂತ್ರವೊಂದನ್ನು ತೋರಿಸಿದ. ಆದೋನಿಯವರಿಗೆ ಆ ಯಂತ್ರವನ್ನು ದೇವರೇ ಆಕಾಶದಲ್ಲಿ ಕೂರಿಸಿಕೊಟ್ಟಿದ್ದಾನೆ. ನಮ್ಮಲ್ಲಿ ಒಣಹಾಕಿದ ಹಪ್ಪಳವನ್ನು ಮರೆತು ಒಳಗೆ ಹೋದರೆ ತಿರುಗಿ ಬರುವಷ್ಟರಲ್ಲಿ ಅದು ಅರ್ಧ ಕರಿದಂತಾಗಿರುತ್ತದೆ. ಎರಡನೆಯ ಪಾಠದಲ್ಲಿ ಅವನು ಚರ್ಮ ಕುದಿಸಿ ಅಂಟು ಮಾಡತೊಡಗಿದ. ಗಿರಿಜಾ ವಿಭೂತಿ ಹಚ್ಚಿಕೊಂಡು ಹಿಂದೆಯೇ ನಿಂತಿದ್ದಳು, ನಾನು ಗಾಬರಿಯಿಂದ ಫೋನನ್ನು ಬೋರಲು ಹಾಕಿ ಕೂತೆ. ನಮ್ಮ ಗಿಟಾರಿಗೆ ಅಂಗಡಿಯ ಬಿಳಿ ಗೋಂದೇ ಗತಿಯಾಯಿತು.

ಮುಂಭಾಗದ ತೆಳು ಹಲಗೆ ದೂರದಿಂದ ಕೊರಿಯರಿನಲ್ಲಿ ಬಂತು. ಬೆನ್ನಿಗೂ ಪಕ್ಕಗಳಿಗೂ ನನ್ನ ಹತ್ತಿರ ಅದಕ್ಕಿಂತ ಒಳ್ಳೆಯದೇ ಇತ್ತು. ನಮ್ಮ ಮಂಡಿಯಲ್ಲಿ ನನ್ನ ಅಜ್ಜನ ಕಾಲದ ಒಂದು ಬೀಟೆ ಮೇಜು. ಬಿಳಿಯ ಹತ್ತಿ ಎದ್ದು ಕಾಣಲಿ ಎಂದು ಕಪ್ಪು ಮರದ ಮೇಜನ್ನೇ ಮಾಡಿಸಿದ್ದರು, ಅದರ ಮೇಲೆ ಮಾದರಿ ಹರಡಿ ನೋಡುತ್ತಿದ್ದೆವು. ಮಂಡಿ ಹೊಸದಾಗಿ ಕಟ್ಟಿಸುವಾಗ ಅದನ್ನು ಹೊರಗೆ ಹಾಕಿದ್ದರು. ಸಾಮಿಲ್ಲಿನ ಖಾಜಾ ಭಾಯಿ ಹಲಗೆಯನ್ನು ತಟ್ಟಿ ನೋಡಿ ಬಹಳ ಮೆಚ್ಚಿಕೊಂಡ. ಎಷ್ಟು ದಪ್ಪಕ್ಕೆ ಸೀಳಬೇಕೆಂದು ನಾನು ಎರಡು ಬೆರಳಿನ ಸಂದಿಯಲ್ಲಿ ತೋರಿಸಿದಾಗ ಅವನ ಮುಖ ಸಣ್ಣದಾಯಿತು. “ಕ್ಯಾ ಸಾಬ್, ಇಂಥಾ ಕಟಿಗಿ ತಂದು ಹಪ್ಪಳ ಮಾಡು ಅಂತೀರಲ್ಲ” ಎಂದ. ಆದರೂ ಸೀಳಿಕೊಟ್ಟ, ನೋವಿನಿಂದಲೇ.

ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ತಿರುವಿ ಹಾಕಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಇನ್ನೊಂದು ಹಾಳೆಗೆ ಇಳಿಸಿಕೊಂಡೆ. ಹೀಗೆ ಅದು ಎಡಗೈಯವರ ಗಿಟಾರಾಯಿತು. ಹೊರಗಿನಿಂದ ನೋಡಿದವರಿಗೆ ಇದು ತಿಳಿಯುವುದಿಲ್ಲ. ಗಿಟಾರಿನ ಮೈ ಎರಡೂ ಕಡೆ ಒಂದೇ ಥರ, ಎಡ ಬಲದ ಭೇದವೆಲ್ಲ ಹಲಗೆಯ ಒಳಗೆ ಅಂಟಿಸುವ ಪಟ್ಟಿಗಳಲ್ಲಿದೆ. ಕೊನೆಯಲ್ಲಿ ಅಂಟಿಸುವ ಬ್ರಿಡ್ಜಿನಲ್ಲಿ ಮಾತ್ರ ಅದು ಹೊರಗೆ ಕಾಣುತ್ತದೆ. ಬ್ರಿಡ್ಜು ಎಂದರೆ ತಂತಿಗಳ ಬುಡ ಕಟ್ಟಿಕೊಳ್ಳುವ ಮರದ ತುಂಡು. ಅದರ ಮೇಲೊಂದು ಬಿಳಿ ಕಡ್ಡಿ ಕೊಂಚ ಓರೆಯಾಗಿ ಕೂತಿರುತ್ತದೆ, ದಪ್ಪ ತಂತಿ ಇರುವ ಕಡೆಗೆ ಹಿಂದಕ್ಕೆ ವಾಲಿಕೊಂಡು. ಆ ಓರೆಯನ್ನು ನೋಡಿದರೆ ಬಲ್ಲವರಿಗೆ ಯಾವ ಕೈಯ ಗಿಟಾರೆಂದು ತಕ್ಷಣ ತಿಳಿಯುತ್ತದೆ. ಹಾಗಾಗಿ ವೀರೇಶನ ಕಣ್ಣಿಗೆ ಬೀಳದಂತೆ ಬ್ರಿಡ್ಜನ್ನು ಮೊದಲೇ ಮಾಡಿ, ಬಟ್ಟೆಯಲ್ಲಿ ಸುತ್ತಿ, ಕಪಾಟಿನೊಳಗೆ ನನ್ನ ಬನಿಯನ್ನುಗಳ ಕೆಳಗೆ ಇಟ್ಟೆ.

ಪಕ್ಕದ ಪಟ್ಟಿಗಳನ್ನು ಬಾಗಿಸುವುದು ಮಾತ್ರ ನನ್ನ ಜೀವ ತಿಂದಿತು. ಹಳೆಯ ಬೋರಿನ ಪೈಪನ್ನು ಅಡ್ಡ ಕಟ್ಟಿ, ಒಳಗೆ ಬೆಂಕಿ ಹಿಡಿದು ಕಾಯಿಸಿ, ನೆನೆಸಿದ ಪಟ್ಟಿಯನ್ನು ಅದರ ಮೈಗೆ ಒತ್ತಿ ಹಿಡಿಯಬೇಕು. ಮರ ತಾನಾಗಿ ಸಡಿಲವಾಗುವವರೆಗೆ ಕಾಯಬೇಕು, ಅವಸರ ಕೂಡದು. ನಾನು ಅವಸರ ಮಾಡಿದೆ. ಅಜ್ಜನ ಕಾಲದ ಬೀಟೆ ಫಟ್ ಎಂದು ಎರಡಾಯಿತು. ಅಡುಗೆಮನೆಯಿಂದ ಗಿರಿಜಾಳ ದನಿ ಬಂತು, “ಮನಿಷ್ಯಾರನ್ನ ಒಪ್ಸಾದು ಬರಲಿಲ್ಲ, ಕಟಿಗಿ ಒಪ್ಸಾಕ ಹೊಂಟಾರ.” ಎರಡನೆಯ ಪಟ್ಟಿಗೆ ಪೂರಾ ಒಂದು ಮುಂಜಾನೆ ಕೊಟ್ಟೆ. ಅದು ಬಾಗಿತು. ಅಂಟಿಸುವಾಗ ಬಿಗಿ ಹಿಡಿಯಲು ಪಂಕ್ಚರ್ ಅಂಗಡಿಯಿಂದ ಹಳೆ ಸೈಕಲ್ ಟ್ಯೂಬು ತಂದು ಮೈತುಂಬ ಸುತ್ತಿದೆ. ಹಾಗೆ ಸುತ್ತಿದ ಗಿಟಾರು ನಾಲ್ಕು ದಿನ ಆಸ್ಪತ್ರೆಯಿಂದ ಬಂದ ರೋಗಿಯ ಹಾಗೆ ಪಡಸಾಲೆಯಲ್ಲಿ ಮಲಗಿತ್ತು. ಬಂದವರೆಲ್ಲ ಏನಾಯಿತೆಂದು ವಿಚಾರಿಸಿದರು.

ಟ್ಯೂಬು ಬಿಚ್ಚಿದ ದಿನ ಖಾಲಿ ಡಬ್ಬಿಯನ್ನು ಬೆರಳಿನಿಂದ ತಟ್ಟಿದೆ. ಒಳಗಿನಿಂದ ಒಂದು ತುಂಬಿದ ದನಿ ಬಂತು. ಮನುಷ್ಯ ಟೊಳ್ಳಾದದ್ದನ್ನೆಲ್ಲ ಬೈಗುಳಕ್ಕೆ ಬಳಸುತ್ತಾನೆ, ಟೊಳ್ಳು ತಲೆ, ಟೊಳ್ಳು ಮಾತು ಎಂದು. ಸಂಗೀತ ಬೇಕಾದಾಗ ಮಾತ್ರ ಟೊಳ್ಳನ್ನೇ ಹುಡುಕಿಕೊಂಡು ಹೋಗುತ್ತಾನೆ. ತಂಬೂರಿಗೆ ಸೋರೆ ಬುರುಡೆ, ಕೊಳಲಿಗೆ ಬಿದಿರು, ಭಜನೆಗೆ ಡೋಲಕಿ. ಈ ವಿಚಾರವನ್ನು ಗಿರಿಜಾಳಿಗೆ ಹೇಳಿದೆ. ಹಾಗಾದರೆ ನನಗೂ ಸಂಗೀತ ಬರುವ ಲಕ್ಷಣವಿದೆ ಎಂದು ಅವಳು ಸಮಾಧಾನ ಹೇಳಿದಳು. ಆದರೂ ಆ ವಾರವೇ ಅವಳು ಹಳೆಯ ಇಳಕಲ್ ಸೀರೆಯ ಬಟ್ಟೆಯಲ್ಲಿ ಗಿಟಾರಿಗೆ ಚೀಲ ಹೊಲಿದು ಮುಗಿಸಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎಂದೆ. ಅವಳು ಹಲ್ಲಿನಿಂದ ದಾರ ಕಡಿದಳು.

ಉಳಿದದ್ದು ಪಾಲಿಶು. ಮರಗೆಲಸವೆಲ್ಲ ಮುಗಿದ ಮೇಲೆ ಪಾಲಿಶೆಂಬುದು ಮದುವೆ ಮುಗಿದ ಮೇಲಿನ ಎಲೆ ಅಡಿಕೆ ಇದ್ದ ಹಾಗೆ ಎಂದುಕೊಂಡಿದ್ದೆ. ಅದೇ ಮದುವೆ ಎಂದು ಆಮೇಲೆ ಗೊತ್ತಾಯಿತು. ಸ್ಪಿರಿಟ್ಟಿನ ಪಾಲಿಶನ್ನು ಗಿರಿಜಾ ಮೊದಲೇ ತಳ್ಳಿಹಾಕಿದಳು. ಲಿಂಗ ಕಟ್ಟಿದವರ ಮನೆಯಿಂದ ಆ ನಾತ ಬೀದಿಗೆ ಹೋದರೆ ಮಂದಿ ಏನೆಂದುಕೊಂಡಾರು ಎಂಬುದು ಅವಳ ಚಿಂತೆ. ಆದ್ದರಿಂದ ನೀರು ಬೆರೆಸಿ ಹಚ್ಚುವ ವಾರ್ನಿಷ್ ತರಿಸಿದೆ. ಹತ್ತಿಯ ಉಂಡೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ವಾರ್ನಿಷ್‌ನಲ್ಲಿ ಅದ್ದಿ, ತೆಳ್ಳಗೆ ಒರೆಸುತ್ತ ಹೋಗಬೇಕು. ಒಣಗಿದ ಮೇಲೆ ನಯವಾದ ಮರಳು ಕಾಗದದಿಂದ ತಿಕ್ಕಿ ಇನ್ನೊಂದು ಕೈ ಹಚ್ಚಬೇಕು. ಹತ್ತಾರು ಕೈ ಆಗಬೇಕು. ಹತ್ತಿ ಎಂಬ ಶಬ್ದ ಕೇಳಿದ್ದೇ ನನಗೆ ಹುರುಪು ಬಂತು. ಇಡೀ ಕೆಲಸದಲ್ಲಿ ನನಗೆ ಪಾಠ ಬೇಡದ ಜಾಗ ಇದೊಂದೇ.

ಮೆಡಿಕಲ್ ಶಾಪಿನ ಹತ್ತಿ ಸಾಕೆಂದು ಫೋನಿನ ಅಜ್ಜ ಹೇಳಿದ್ದ. ನನಗೆ ನಗು ಬಂತು. ಮೆಡಿಕಲ್ ಹತ್ತಿ ಎಂದರೆ ಏನೆಂದು ನನಗೆ ಗೊತ್ತಿಲ್ಲವೇ? ಗಿಡ್ಡ ಎಳೆಯ ಪುಡಿ, ನಮ್ಮ ಮಂಡಿಯ ಹೊಸ್ತಿಲು ದಾಟಲೂ ಯೋಗ್ಯತೆ ಇಲ್ಲದ್ದು. ಮಂಡಿಗೆ ಹೋಗಿ ಆ ವರ್ಷದ ಅತಿ ಉದ್ದ ಎಳೆಯ ಹತ್ತಿಯನ್ನು ಆರಿಸಿ ತಂದೆ. ಬೀಜಗಳನ್ನು ಕೈಯಿಂದಲೇ ಬಿಡಿಸಿದೆ, ಒಂದು ಚೂರು ಎಲೆಯ ಕಸವೂ ಇರದಂತೆ ಆರಿಸಿದೆ. ಹಾಲಿನ ಕೆನೆಯ ಹಾಗಿತ್ತು. ನನ್ನದೇ ಹಳೆಯ ಧೋತರದ ತುಂಡಿನಲ್ಲಿ ಅದನ್ನು ಕಟ್ಟಿದೆ. ಈ ಹತ್ತಿಯಿಂದ ಪಾಲಿಶಾದ ಗಿಟಾರು ಲೋಕದಲ್ಲಿ ಇನ್ನೊಂದಿರಲಾರದು ಎಂದು ಹೆಮ್ಮೆಪಟ್ಟೆ. ಇರಲಾರದು ಎಂಬುದು ನಿಜವೇ ಆಯಿತು.

ವಾರ್ನಿಷ್ ಉಂಡೆಯ ಒಳಗೆ ಹೋಗಲೇ ಇಲ್ಲ. ಹೊರಗಿನ ಧೋತರ ತೊಯ್ದು ತೊಟ್ಟಿಕ್ಕಿತು, ಒಳಗಿನ ಹತ್ತಿ ಒಣಗಿದ್ದ ಹಾಗೇ ಉಳಿಯಿತು. ಗಿಟಾರಿನ ಮುಖದ ಮೇಲೆ ಕಣ್ಣೀರು ಇಳಿದ ಹಾಗೆ ಗೀಟುಗಳು ಬಿದ್ದವು. ಎಲ್ಲವನ್ನೂ ಕಾಗದದಿಂದ ತಿಕ್ಕಿ ತೆಗೆದು ಮತ್ತೆ ಹಚ್ಚಿದೆ, ಮತ್ತೆ ಗೀಟು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ವಾರ್ನಿಷ್ ಮಾಡಿದವರನ್ನು ಬೈದೆ, ಕೊರಿಯರಿನವನು ಡಬ್ಬಿಯನ್ನು ಬಿಸಿಲಿಗೆ ಇಟ್ಟಿರಬೇಕು ಎಂದೆ, ಫ್ಯಾನು ಹಾಕಿದ್ದಕ್ಕೆ ಗಿರಿಜಾಳನ್ನು ಬೈದೆ, ಮರುದಿನ ಫ್ಯಾನು ಹಾಕದಿದ್ದಕ್ಕೆ ಬೈದೆ. ಹತ್ತಿಯ ಮೇಲೆ ಮಾತ್ರ ನನಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಪ್ರತಿ ಸಲವೂ ತಿಕ್ಕಿ ತಿಕ್ಕಿ ಮುಂಭಾಗದ ಹಲಗೆ ಸವೆಯುತ್ತಿತ್ತು. ಇನ್ನೆರಡು ಸಲ ಹೀಗೇ ಆದರೆ ಅದು ತಂತಿಯ ಬಿಗಿ ತಡೆಯುವುದಿಲ್ಲ, ಹೊಟ್ಟೆ ಒಡೆಯುತ್ತದೆ ಎಂದು ಗೊತ್ತಿತ್ತು. ವೀರೇಶನಿಗೆ ಕೊಡುವ ಉಪಾಯ ಮೊದಲೇ ಇರಲಿಲ್ಲ, ಈಗ ಕೊಡುವ ವಸ್ತುವೂ ಉಳಿಯುವಂತಿರಲಿಲ್ಲ.

ವೀರೇಶ ಭಾನುವಾರಕ್ಕೊಮ್ಮೆ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುತ್ತಾನೆ. ಇಷ್ಟು ತಿಂಗಳೂ ಬಂದಿದ್ದ, ಗಿಟಾರಿನ ಕಡೆ ಓರೆಗಣ್ಣಿಂದ ನೋಡಿದ್ದ, ಒಂದು ಮಾತು ಆಡಿರಲಿಲ್ಲ. ನಾನೂ ನನ್ನ ಹೊತ್ತು ಕಳೆಯುವ ಆಟಿಕೆ ಎಂಬಂತೆ ನಟಿಸಿದ್ದೆ. ಆ ಭಾನುವಾರ ಬಂದವನು ಗೀಟುಗಳನ್ನು ನೋಡಿದ. ನನ್ನ ಉಂಡೆಯನ್ನು ಎತ್ತಿ ಬಿಚ್ಚಿ, ಒಳಗಿನ ಹತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಎದ್ದು ಹೋದ. ಚಹಾ ಆರುವ ಮೊದಲೇ ತಿರುಗಿ ಬಂದ. ಕೈಯಲ್ಲಿ ನೀಲಿ ಕಾಗದದ ಸುರುಳಿ, ಮೆಡಿಕಲ್ ಶಾಪಿನ ಹತ್ತಿ.

“ಅದನ್ನ ನನ್ನ ಮನಿಯೊಳಗ ತರಬ್ಯಾಡ ವೀರೇಶ” ಎಂದೆ. ಸಿಟ್ಟು ನಿಜವಾಗಿಯೂ ಬಂದಿತ್ತು.

ಅವನು ಎರಡು ಗ್ಲಾಸು ನೀರು ತಂದಿಟ್ಟ. ಒಂದರೊಳಗೆ ನನ್ನ ಹತ್ತಿಯ ಒಂದು ಚಿಟಿಕೆ ಹಾಕಿದ, ಇನ್ನೊಂದರೊಳಗೆ ಮೆಡಿಕಲ್ ಹತ್ತಿ. ಮೆಡಿಕಲ್ ಹತ್ತಿ ನೀರು ಕುಡಿದು ಕಲ್ಲಿನ ಹಾಗೆ ತಳ ಸೇರಿತು. ನನ್ನದು ಹೂವಿನ ಹಾಗೆ ಮೇಲೆಯೇ ತೇಲುತ್ತಿತ್ತು. ಬೆರಳಿನಿಂದ ಅದುಮಿದ, ಮತ್ತೆ ಎದ್ದು ಬಂತು. ನಾವಿಬ್ಬರೂ ಅದನ್ನು ನೋಡುತ್ತ ಕುಳಿತೆವು. ಚಹಾದ ಕಪ್ಪು ಒಯ್ಯಲು ಬಂದ ಗಿರಿಜಾಳೂ ನಿಂತು ನೋಡಿದಳು.

“ಗಿಡದ ಹತ್ತಿಗಿ ಮೇಣ ಇರತೈತಿ ಮಾವ. ಮಳಿ ತಡಿಯಾಕ ಗಿಡಾನೇ ಕೊಟ್ಟಿರತೈತಿ. ಇದನ್ನ ಕುದಿಸಿ ಆ ಮೇಣ ತೆಗದಿರ್ತಾರ, ಅದಕ್ಕ ಕುಡಿತೈತಿ” ಎಂದ ವೀರೇಶ. ಆಮೇಲೆ ಮೆಲ್ಲಗೆ ಸೇರಿಸಿದ, “ನನ್ ಕೈಗಿ ಮೂರು ತಿಂಗಳು ಇದನ್ನ ಕಟ್ಟಿದ್ರಲ್ಲ. ಆವಾಗ ನೋಡೀನಿ.”

ನಲವತ್ತು ವರ್ಷ ಹತ್ತಿಯಲ್ಲೇ ಉಂಡು ಮಲಗಿದವನು ನಾನು. ಅದನ್ನು ಒಂದು ಸಲವೂ ನೀರಿಗೆ ಹಾಕಿ ನೋಡಿರಲಿಲ್ಲ. ಹಾಕುವುದಾದರೂ ಹೇಗೆ? ನಮ್ಮ ಕಸುಬಿನಲ್ಲಿ ನೀರೆಂದರೆ ಮೋಸ. ತೂಕ ಬರಲಿ ಎಂದು ಚೀಲಕ್ಕೆ ನೀರು ಚಿಮುಕಿಸಿ ತರುವವರನ್ನು ಹಿಡಿಯುವುದೇ ನನ್ನ ಅರ್ಧ ಕೆಲಸವಾಗಿತ್ತು. ಒಣಗಿದ ಹತ್ತಿ ಒಳ್ಳೆಯ ಹತ್ತಿ, ತೇವದ ಹತ್ತಿ ಕಳ್ಳ ಹತ್ತಿ ಎಂದು ಹಾಲು ಕುಡಿಯುವ ವಯಸ್ಸಿನಿಂದ ಕೇಳಿ ಬೆಳೆದವನಿಗೆ, ನೀರು ಕುಡಿಯುವುದೂ ಹತ್ತಿಯ ಒಂದು ಗುಣ ಎಂದು ಹೇಗೆ ಹೊಳೆಯಬೇಕು? ಬೇರೆ ಯಾರೇ ಆಗಿದ್ದರೂ, ಒಬ್ಬ ಮೇಷ್ಟ್ರು, ಒಬ್ಬ ದರ್ಜಿ, ಮೊದಲ ದಿನವೇ ಮೆಡಿಕಲ್ ಶಾಪಿಗೆ ಹೋಗುತ್ತಿದ್ದರು. ಈ ತಪ್ಪು ಮಾಡಬೇಕಾದರೆ ಹತ್ತಿಯನ್ನು ನನ್ನಷ್ಟು ಚೆನ್ನಾಗಿ ಬಲ್ಲವನೇ ಆಗಿರಬೇಕು.

ನನ್ನ ಮುಖ ನೋಡಿ ವೀರೇಶನಿಗೆ ಏನನ್ನಿಸಿತೋ, ನೀಲಿ ಕಾಗದ ಬಿಚ್ಚಿ ತಾನೇ ಹೊಸ ಉಂಡೆ ಕಟ್ಟಿದ. ಎಡಗೈಯಲ್ಲಿ ಹಿಡಿದ. ಉಳಿದ ಬೆರಳುಗಳು ಮತ್ತು ಅರ್ಧ ಬೆರಳುಗಳ ಆ ಗೂಡಿನಲ್ಲಿ ಉಂಡೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕುಳಿತುಕೊಂಡಿತು. ಒಂದೇ ಉಸಿರಿನಲ್ಲಿ, ಎಲ್ಲೂ ನಿಲ್ಲದೆ, ಗಿಟಾರಿನ ಬೆನ್ನಿನ ಮೇಲೆ ಮೇಲಿನಿಂದ ಕೆಳಗಿನವರೆಗೆ ಒರೆಸಿದ. ಬೀಟೆ ಮರ ಒಳಗಿನಿಂದ ಎದ್ದು ಬಂದ ಹಾಗೆ ಕಪ್ಪಗೆ, ಕೆಂಪಗೆ ಹೊಳೆಯಿತು. ಗೀಟು ಇರಲಿಲ್ಲ. ನಾನು ಆ ಕೈಯನ್ನು ಇಷ್ಟು ವರ್ಷ ನೇರವಾಗಿ ನೋಡಿರಲೇ ಇಲ್ಲ, ಮಾತಾಡುವಾಗ ಅದರ ಮೇಲಿಂದ ಕಣ್ಣು ಹಾರಿಸುತ್ತಿದ್ದೆ. ಅವತ್ತು ನೋಡುತ್ತ ಕೂತೆ. ಎಷ್ಟು ಜಾಣ ಕೈ ಅನ್ನಿಸಿತು.

ಮುಂದಿನ ಒಂದೂವರೆ ತಿಂಗಳು ಅವನು ಭಾನುವಾರ ಮಾತ್ರವಲ್ಲ, ಮಿಲ್ಲು ಬಿಟ್ಟ ಮೇಲೆ ವಾರದಲ್ಲಿ ಎರಡು ಮೂರು ದಿನ ಬಂದ. ಹಚ್ಚುವುದು ಅವನ ಪಾಲು, ಒಣಗಿದ ಮೇಲೆ ತಿಕ್ಕುವುದು ನನ್ನ ಪಾಲು. ನಾನು ಜೋರಾಗಿ ತಿಕ್ಕಿದರೆ, “ಮೆಲ್ಲಕ ಮಾವ, ಹತ್ತಿ ಚೀಲಲ್ಲ ಅದು” ಎನ್ನುತ್ತಿದ್ದ. ಗಿಟಾರು ಯಾರಿಗೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಗಿರಿಜಾ ಒಂದು ತಟ್ಟೆ ಮಂಡಕ್ಕಿ ಒಗ್ಗರಣೆ ನಡುವೆ ಇಟ್ಟು ಹೋಗುತ್ತಿದ್ದಳು. ಅವನು ಸೀತಾಫಲ ತಂದಿಡುವುದನ್ನು ಮರೆತಿದ್ದ. ಅದನ್ನು ಮೊದಲು ಗಮನಿಸಿದವಳು ಅವಳೇ, ನನಗೆ ಸುಮ್ಮನಿರಿ ಎಂದು ಕಣ್ಣಿನಲ್ಲೇ ಹೇಳಿದಳು. ನನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಆ ಒಂದೂವರೆ ತಿಂಗಳನ್ನೂ ನಾನು ಸೇರಿಸುತ್ತೇನೆ.

ಕೊನೆಗೆ ಪಾಲಿಶು ಮುಗಿಯಿತು. ಮುಖ ಕಾಣುವ ಹಾಗಾಯಿತು, ಗಿರಿಜಾ ಅದರಲ್ಲಿ ಕುಂಕುಮ ನೋಡಿಕೊಂಡಳು. ಇನ್ನು ಬ್ರಿಡ್ಜು ಅಂಟಿಸಬೇಕು, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಭಾನುವಾರ ಮುಂಜಾನೆ ವೀರೇಶನ ಎದುರಿಗೇ ಬನಿಯನ್ನುಗಳ ಕೆಳಗಿಂದ ಅದನ್ನು ತೆಗೆದು ಅವನ ಕೈಗೆ ಕೊಟ್ಟೆ. ಅಡುಗೆಮನೆಯಲ್ಲಿ ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು.

ಅವನು ಬಟ್ಟೆ ಬಿಚ್ಚಿದ. ಬಿಳಿ ಕಡ್ಡಿಯ ಓರೆಯನ್ನು ನೋಡಿದ. ತಿರುಗಿಸಿ ಹಿಡಿದು ನೋಡಿದ, ಮತ್ತೆ ಮೊದಲಿನ ಹಾಗೆ ಹಿಡಿದು ನೋಡಿದ. ಅವನಿಗೆ ಮೊದಲೇ ತಿಳಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಇದು ಎಡಗೈದು ಐತಿ” ಎಂದ.

“ಹೂಂ” ಎಂದೆ. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ನನಗೆ ತಿರುಗಿ ಹೋದ ಆ ಪಾರ್ಸೆಲ್ ಪೆಟ್ಟಿಗೆ ನೆನಪಾಯಿತು. ಇನ್ನೇನು ಎದ್ದು ಚಪ್ಪಲಿ ಮೆಟ್ಟುತ್ತಾನೆ ಎಂದುಕೊಂಡೆ.

ವೀರೇಶ ಬ್ರಿಡ್ಜನ್ನು ಗಿಟಾರಿನ ಮೇಲೆ ಅದರ ಜಾಗದಲ್ಲಿ ಇಟ್ಟು ನೋಡಿದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ, ಗದರಿಸುವ ದನಿಯಲ್ಲಿ ಕೇಳಿದ. “ಮಾವ, ಒಂದೂವರಿ ತಿಂಗಳು ಪಾಲಿಶ್ ಮಾಡೀನಿ. ನನ್ ಕೂಲಿ ಎಲ್ಲಿ?”

ನನಗೆ ಒಂದು ಕ್ಷಣ ತಿಳಿಯಲಿಲ್ಲ. “ಏನ್ ಕೊಡ್ಲಿ ಹೇಳಪ್ಪ” ಎಂದೆ.

“ಇದನ್ನ ಕೊಡ್ರಿ. ಕೂಲಿ ಅಂದ್ರ ಕೂಲಿ. ಅಕ್ಕನ ಮನಿಯಿಂದ ತಂದ ಅಂತ ನಾಳಿ ಯಾರೂ ಅನಬಾರ್ದು.”

“ಯಾರ್ ಅಂತಾರ? ದುಡದೀಯಲ್ಲ” ಎಂದೆ. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ಮತ್ತೆ ಸುರುವಾಯಿತು, ಮೊದಲಿಗಿಂತ ಜೋರಾಗಿ. ಅವತ್ತು ಅವಳು ನಮ್ಮ ಮೂವರಿಗೆ ಹದಿನೇಳು ರೊಟ್ಟಿ ಮಾಡಿದಳು.

ತಂತಿ ಬಿಗಿದ ದಿನ ಅವನು ಗಿಟಾರನ್ನು ತೊಡೆಯ ಮೇಲೆ ತಿರುವಿ ಹಿಡಿದು ಕುಳಿತ. ಬಲಗೈಯ ಬೆರಳುಗಳು ತಂತಿಗಳ ಮೇಲೆ ದಾರಿ ತಪ್ಪಿದ ಕುರಿಗಳ ಹಾಗೆ ಓಡಾಡಿದವು. ಹೊಸಬರಿಗೆ ತಂತಿ ಒತ್ತಿ ಬೆರಳ ತುದಿ ಸುಲಿಯುತ್ತದಂತೆ, ವಾರಗಟ್ಟಲೆ ನೋವು. ಅವನಿಗೆ ಆ ಕಷ್ಟ ಇರಲಿಲ್ಲ. ಮೂವತ್ತು ವರ್ಷ ಸ್ಪ್ಯಾನರು ಹಿಡಿದ ಬಲಗೈ ಅದು, ತುದಿಗಳೆಲ್ಲ ಮೊದಲೇ ಗಟ್ಟಿಯಾಗಿದ್ದವು. ಬಂದ ನಾದ ಮಾತ್ರ ಕೇಳುವ ಹಾಗಿರಲಿಲ್ಲ. ಒಂದು ಕಾಲಕ್ಕೆ ನಾಲ್ಕೂರು ಮೆಚ್ಚಿದವನು ಮೂರು ತಂತಿ ಒತ್ತಲು ಬೆವರುತ್ತಿದ್ದ. ಬೇಜಾರಾಗಿ ಇಟ್ಟುಬಿಡುತ್ತಾನೇನೋ ಎಂದುಕೊಂಡೆ. ಅವನು ಇಡಲಿಲ್ಲ. ಇಳಕಲ್ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದ.

ಇದಾಗಿ ಎರಡು ತಿಂಗಳಾಯಿತು. ಮೊನ್ನೆ ಗಿರಿಜಾಳ ಜೊತೆ ತರಕಾರಿ ತರಲು ಹೋಗಿದ್ದೆ. ವೀರೇಶನ ಪಕ್ಕದ ಮನೆಯ ಅಜ್ಜಿಯೊಬ್ಬಳು ಬದನೆಕಾಯಿಯ ಬುಟ್ಟಿಯ ಮುಂದೆ ಸಿಕ್ಕಳು. ಸಿಟ್ಟಿನಲ್ಲಿದ್ದಳು. “ಏನವ್ವ ಗಿರಿಜಮ್ಮ, ನಿನ್ ತಮ್ಮನ ಮನ್ಯಾಗ ಯಾವ್ದೋ ಹುಡುಗ ಗಿಟಾರ್ ಕಲಿಯಾಕತ್ಯಾನಲ್ಲ, ಯಾರ್ದದು? ರೋಜೂ ಅದೇ ಪಾಟ, ಅದೇ ತಪ್ಪು. ನನ್ ಮೊಮ್ಮಗಳು ಗ್ವಾಡಿ ಈಚಿಂದ ಬೈದ್ರೂ ಬಿಡವಲ್ಲ” ಎಂದಳು.

ನಾನು ನಗು ತಡೆಯಲು ಬದನೆಕಾಯಿ ಹಿಸುಕತೊಡಗಿದೆ. ಐವತ್ತನಾಲ್ಕರ ವಯಸ್ಸಿನಲ್ಲಿ ಗೋಡೆಯಾಚೆಯಿಂದ ಕೇಳಿದವರು ಚಿಕ್ಕ ಹುಡುಗನೆಂದು ತಿಳಿಯುವಷ್ಟು ಕೆಟ್ಟದಾಗಿ ಒಬ್ಬ ಮನುಷ್ಯ ಏನನ್ನಾದರೂ ನುಡಿಸುತ್ತಿದ್ದಾನೆ ಎಂದರೆ, ಅವನ ಮುಂದೆ ಇನ್ನೂ ಬಹಳ ದಿನಗಳಿವೆ ಎಂದು ಅರ್ಥ. ಈ ಮಾತನ್ನು ಅಜ್ಜಿಗೆ ತಿಳಿಸಿ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಗಿರಿಜಾ ಸೆರಗು ಸರಿ ಮಾಡಿಕೊಂಡು, ಶಾಲೆಯ ಹೆಡ್‌ಮಾಸ್ಟರರ ಮುಂದೆ ನಿಂತ ತಾಯಿಯ ಹಾಗೆ ಹೇಳಿದಳು.

“ನಮ್ಮ ಹುಡುಗನಬೇ. ಈಗ ಸುರು ಮಾಡ್ಯಾನ, ಸ್ವಲ್ಪ ತಡ್ಕೋರಿ.”